ನೆಂಟರ ಮಳೆ, ಮನೆಯವರ ಮಳೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುವ ಗಾದೆಯನ್ನು ನಾವೆಲ್ಲ ಬಳಸುತ್ತೇವೆ. ಬಳಸುವಾಗ ನೋಡುವವರ ಕಣ್ಣಿನ ಬಗ್ಗೆ ಯೋಚಿಸುತ್ತೇವೆ, ಬೆಟ್ಟದ ಬಗ್ಗೆ ಯೋಚಿಸುತ್ತೇವೆ. ಆ ಬೆಟ್ಟದ ಮೇಲೆ ಒಲೆ ಹೊತ್ತಿಸಿ, ನೀರು ಕಾಯಿಸಿ, ಮಕ್ಕಳನ್ನು ಸ್ಕೂಲಿಗೆ ಕಳಿಸುವ ಹೆಂಗಸೊಬ್ಬಳು ಇದ್ದಾಳೆ ಎನ್ನುವುದು ಗಾದೆ ಕಟ್ಟಿದವರಿಗೂ ಹೊಳೆದಂತಿಲ್ಲ. ಅವಳಿಗೆ ಅದು ದೂರದ ಬೆಟ್ಟವಲ್ಲ, ಕಾಲಿಗೆ ಚುಚ್ಚುವ ಬೆಟ್ಟ. ಒಬ್ಬರ ದಿನನಿತ್ಯದ ಕಷ್ಟ ಇನ್ನೊಬ್ಬರ ಕಣ್ಣಿಗೆ ಹಬ್ಬವಾಗುವುದು ತಪ್ಪೋ ಸರಿಯೋ? ರಜೆ ಎಂದು ಊರು ಬಿಟ್ಟು ಹೋಗುವ ನಮ್ಮಂಥವರು ಒಂದಲ್ಲ ಒಂದು ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನನಗೆ ಈ ಪ್ರಶ್ನೆ ಎದುರಾದದ್ದು ಆಗುಂಬೆಯಲ್ಲಿ.

ನಾನು ದಾವಣಗೆರೆಯವಳು. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಚಿಕ್ಕಂದಿನಲ್ಲಿ ಮಳೆ ಬಂದರೆ ನಮ್ಮಮ್ಮ ಕೊಡ, ಬಕೆಟ್ಟು, ಪಾತ್ರೆ, ಕೊನೆಗೆ ಹಿಟ್ಟಿನ ಡಬ್ಬಿಯ ಮುಚ್ಚಳವನ್ನೂ ಸೂರಿನ ಕೆಳಗೆ ಸಾಲಾಗಿ ಇಡುತ್ತಿದ್ದಳು. ಆ ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ ಎಂದು ಅವಳ ನಂಬಿಕೆ. ಮಳೆ ನಿಂತ ಮೇಲೆ ಎಷ್ಟು ಕೊಡ ತುಂಬಿತೆಂದು ಎಣಿಸುವುದು ನಮ್ಮ ಆಟ. ಹೀಗೆ ಕೊಡದ ಲೆಕ್ಕದಲ್ಲಿ ಮಳೆಯನ್ನು ಕಂಡು ಬೆಳೆದವಳಿಗೆ ಮಳೆಗಾಲದ ಆಗುಂಬೆಗೆ ಹೋಗುವ ಆಸೆ ಇದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಉಪವಾಸ ಇದ್ದವರಿಗೆ ಊಟದ ಮನೆ ನೋಡುವ ಆಸೆ ಇರುವುದಿಲ್ಲವೇ?

ಆಗುಂಬೆ ಇರುವುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ತೀರ್ಥಹಳ್ಳಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಘಟ್ಟದ ಅಂಚಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ಊರೆಂದರೆ ಒಂದು ರಸ್ತೆ, ಕೆಲವು ಅಂಗಡಿ, ಹೆಂಚಿನ ಹಳೆಯ ಮನೆಗಳು, ಸುತ್ತ ಕಾಡು. ಶಂಕರ್‌ನಾಗ್ ಅವರು ಆರ್. ಕೆ. ನಾರಾಯಣ್ ಅವರ ‘ಮಾಲ್ಗುಡಿ ಡೇಸ್’ ಅನ್ನು ದೂರದರ್ಶನಕ್ಕೆ ಚಿತ್ರಿಸಿದ್ದು ಇಲ್ಲೇ. 1987ರಲ್ಲಿ ಟಿವಿ ಮುಂದೆ ಕುಳಿತು ಅದನ್ನು ನೋಡಿದ ನಮಗೆ ಆ ಬೀದಿ, ಆ ಜಗಲಿ ಎಲ್ಲ ನೆಂಟರ ಮನೆಯಷ್ಟು ಪರಿಚಿತ. ಊರಿನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ನೆಲ ಥಟ್ಟನೆ ಕುಸಿದು ಕರಾವಳಿಗೆ ಇಳಿಯುತ್ತದೆ. ಸೋಮೇಶ್ವರದ ಕಡೆಗೆ ಇಳಿಯುವ ಆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಆಕಾಶ ತಿಳಿಯಾಗಿದ್ದ ಸಂಜೆ ಅಂಚಿನಲ್ಲಿ ನಿಂತರೆ ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಅರಬ್ಬೀ ಸಮುದ್ರದಲ್ಲಿ ಸೂರ್ಯ ಮುಳುಗುವುದು ಕಾಣುತ್ತದೆ. ಮಳೆಗಾಲದಲ್ಲಿ ಮಾತ್ರ ಅಲ್ಲಿ ಸೂರ್ಯನೂ ಇಲ್ಲ, ಸಮುದ್ರವೂ ಇಲ್ಲ. ಮುಂದೆ ನಿಂತವರ ಕೊಡೆಯೇ ಕಂಡರೆ ಪುಣ್ಯ.

ಇಷ್ಟು ಮಳೆ ಏಕೆ ಎನ್ನುವುದಕ್ಕೆ ಕಾರಣ ಈ ಅಂಚೇ. ಜೂನ್ ತಿಂಗಳಲ್ಲಿ ಸಮುದ್ರದಿಂದ ನೀರಾವಿ ಹೊತ್ತು ಬರುವ ಗಾಳಿಗೆ ಘಟ್ಟ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಲೇಬೇಕು, ಏರಿದಂತೆ ತಣ್ಣಗಾಗಲೇಬೇಕು, ತಣ್ಣಗಾದ ಮೇಲೆ ಹೊತ್ತದ್ದನ್ನು ಇಳಿಸಲೇಬೇಕು. ಹಾಗೆ ಇಳಿಸುವ ಜಾಗ ಆಗುಂಬೆ. ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿಗೂ ಮೇಲೆ, ಅಂದರೆ ನಮ್ಮ ಊರಿನಲ್ಲಿ ಹನ್ನೆರಡು ವರ್ಷ ಬೀಳುವುದು ಅಲ್ಲಿ ಒಂದೇ ವರ್ಷದಲ್ಲಿ ಬೀಳುತ್ತದೆ. ಜುಲೈ ತಿಂಗಳೊಂದರಲ್ಲೇ ಎರಡು ಸಾವಿರ ಮಿಲಿಮೀಟರ್ ದಾಟುತ್ತದೆ. 1946ರ ಆಗಸ್ಟಿನಲ್ಲಿ ಒಂದೇ ತಿಂಗಳಿಗೆ 4,508 ಮಿಲಿಮೀಟರ್ ಬಿದ್ದದ್ದು ದಾಖಲಾಗಿದೆ. ದಕ್ಷಿಣದ ಚಿರಾಪುಂಜಿ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ಈಚಿನ ವರ್ಷಗಳಲ್ಲಿ ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಖಾನಾಪುರ ತಾಲ್ಲೂಕಿನ ಆಮಗಾಂವ್ ಕೆಲವು ಬಾರಿ ಆಗುಂಬೆಯನ್ನು ಹಿಂದೆ ಹಾಕಿವೆ. ಆದರೆ ಹೆಸರು ಒಮ್ಮೆ ಬಂದರೆ ಹೋಗುವುದಿಲ್ಲ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ.

ಇಂಥ ಮಳೆಯನ್ನೇ ನೋಡಬೇಕೆಂದು ಒಂದು ಜುಲೈನಲ್ಲಿ ನಾವು ಹೋಗಿ ಒಂದು ಮನೆಯಲ್ಲಿ ಮೂರು ದಿನ ಉಳಿದೆವು. ಈಗ ಮಲೆನಾಡಿನ ತುಂಬ ಹೋಂ ಸ್ಟೇಗಳಿವೆಯಲ್ಲ, ಅಂಥದ್ದೇ ಒಂದು. ಅಡಿಕೆ ತೋಟದ ಮನೆ. ಐವತ್ತೈದು ದಾಟಿದ ಮನೆಯೊಡತಿ, ಅವರ ಯಜಮಾನರು, ಮಗ, ಆರು ತಿಂಗಳ ಬಸುರಿ ಸೊಸೆ. ಜಗಲಿಯಲ್ಲಿ ಕುಳಿತು ಬಿಸಿ ಕಷಾಯ ಕುಡಿಯುತ್ತ ಮಳೆ ನೋಡುವುದೇ ನಮ್ಮ ಕೆಲಸ. ಅಲ್ಲಿ ಮಳೆಗೆ ಬಗೆಬಗೆಯ ಸದ್ದುಗಳಿವೆ. ಹೆಂಚಿನ ಮೇಲೆ ಒಂದು, ಅಡಿಕೆ ಸೋಗೆಯ ಮೇಲೆ ಇನ್ನೊಂದು, ಅಂಗಳದ ನೀರಿನ ಮೇಲೆ ಮತ್ತೊಂದು. ಮಳೆ ನಿಂತರೂ ಕಾಡಿನೊಳಗೆ ನಿಲ್ಲುವುದಿಲ್ಲ. ಮೇಲಿನ ಎಲೆ ಕೆಳಗಿನ ಎಲೆಗೆ, ಅದು ಮತ್ತೊಂದಕ್ಕೆ ಹನಿಸುತ್ತ ಇನ್ನೂ ಒಂದು ಗಂಟೆ ಅಲ್ಲಿ ಬೇರೆಯೇ ಮಳೆ. ಮರದ ಕಾಂಡದ ತುಂಬ ಪಾಚಿ, ಪಾಚಿಯ ಮೇಲೆ ಜರೀಗಿಡ, ಅದರ ಪಕ್ಕದಲ್ಲಿ ಸೀತಾಳೆ ದಂಡೆ. ಒಂದಿಂಚು ಜಾಗವೂ ಬರಿದಾಗಿ ಬಿದ್ದಿಲ್ಲ. “ಎಷ್ಟು ಚೆಂದ!” ಎಂದು ನಮ್ಮ ಮಗಳು ಗಳಿಗೆಗೊಮ್ಮೆ ಹೇಳುತ್ತಿದ್ದಳು.

ಮನೆಯೊಡತಿ ಒಮ್ಮೆ ಲೋಟ ತೆಗೆದುಕೊಂಡು ಹೋಗಲು ಬಂದವರು ಅದನ್ನು ಕೇಳಿ ನಕ್ಕರು. “ಚೆಂದವೇ ಹೌದು ಮಾರಾಯ್ತಿ. ನಿಮಗೆ ಹೊರಡುವ ದಿನ ಗೊತ್ತುಂಟಲ್ಲ, ಅದಕ್ಕೇ ಇನ್ನೂ ಚೆಂದ” ಎಂದರು. ಮಾತಿನಲ್ಲಿ ಕಹಿ ಇರಲಿಲ್ಲ. ಆದರೂ ಆ ಮಾತು ಅಲ್ಲಿಂದ ಹೊರಟ ಮೇಲೂ ನನ್ನ ಜೊತೆಯಲ್ಲೇ ಬಂತು.

ಎರಡನೆಯ ದಿನ ನಾನು ಜಗಲಿ ಬಿಟ್ಟು ಅಡುಗೆಮನೆಗೆ ಹೋದೆ. ಹೆಂಗಸರಾದ ನಮಗೆ ಒಂದು ಊರಿನ ಹವಾಮಾನ ಸರಿಯಾಗಿ ತಿಳಿಯಬೇಕಾದರೆ ಅಡುಗೆಮನೆಗೇ ಹೋಗಬೇಕು. ಉಪ್ಪಿನ ಭರಣಿಯಲ್ಲಿ ಉಪ್ಪು ನೀರಾಗಿ ನಿಂತಿತ್ತು. ಬೆಂಕಿಪೆಟ್ಟಿಗೆ ಒಲೆಯ ಬಗಲಲ್ಲೇ ಇರಬೇಕು, ಇಲ್ಲದಿದ್ದರೆ ಕಡ್ಡಿ ಗೀರಿದರೆ ಮದ್ದು ಉದುರುತ್ತದೆ, ಬೆಂಕಿ ಬರುವುದಿಲ್ಲ. ಹಪ್ಪಳದ ಡಬ್ಬಿ, ಮೆಣಸಿನಕಾಯಿ, ಬೆಲ್ಲ ಎಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತ ಕುಳಿತಿದ್ದವು. ಬಚ್ಚಲ ಒಲೆಯ ಸುತ್ತ ಹಗ್ಗ ಕಟ್ಟಿ ಬಟ್ಟೆ ಹರವಿದ್ದರು. ಅವು ಒಣಗುವುದು ಎಂದರೆ ಒದ್ದೆಯಿಂದ ತೇವಕ್ಕೆ ಬರುವುದು, ಅಷ್ಟೇ. “ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮೈಮೇಲಿನ ಬಟ್ಟೆಗೆಲ್ಲ ಹೊಗೆಯ ವಾಸನೆ. ಮದುವೆ ಮನೆಗೆ ಹೋದರೆ ನಾವು ಘಟ್ಟದ ಅಂಚಿನವರೆಂದು ಹೇಳಲೇಬೇಕಾಗಿಲ್ಲ” ಎಂದರು. ಕರೆಂಟು ಹೋದರೆ ಎರಡು ದಿನಕ್ಕೂ ಬರಬಹುದು, ನಾಲ್ಕು ದಿನಕ್ಕೂ ಬರಬಹುದು. ಸೌದೆಯನ್ನು ಬೇಸಿಗೆಯಲ್ಲೇ ಒಟ್ಟಿ ಇಡಬೇಕು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಂಡಿಗೆ ಎಲ್ಲ ಮೇ ತಿಂಗಳು ಮುಗಿಯುವುದರೊಳಗೆ ಆಗಿಬಿಡಬೇಕು. ನಾಲ್ಕು ತಿಂಗಳ ಮಳೆಗಾಗಿ ಉಳಿದ ಎಂಟು ತಿಂಗಳು ತಯಾರಿ.

ತೋಟದ ಕಥೆ ಬೇರೆ. ಬಿಡುವಿಲ್ಲದೆ ಸುರಿದರೆ ಅಡಿಕೆಗೆ ಕೊಳೆರೋಗ. ಮೈಲುತುತ್ತ, ಸುಣ್ಣ ಬೆರೆಸಿ ಮಾಡಿದ ಬೋರ್ಡೋ ದ್ರಾವಣವನ್ನು ಮಳೆ ಸ್ವಲ್ಪ ಹೊಳವಾದಾಗ ಮರ ಹತ್ತಿ ಗೊನೆಗೆ ಸಿಂಪಡಿಸಬೇಕು. ಹೊಳವೇ ಆಗದಿದ್ದರೆ? ಜಾರುವ ಮರ ಹತ್ತುವವರು ಸಿಗದಿದ್ದರೆ? ಎಳೆಯ ಅಡಿಕೆ ಉದುರಿ ಮರದ ಬುಡದಲ್ಲಿ ಕೊಳೆಯುತ್ತದೆ, ಅದರ ಜೊತೆಯಲ್ಲಿ ಆ ವರ್ಷದ ಲೆಕ್ಕವೂ. ನಾವು ಜಗಲಿಯಲ್ಲಿ “ಇವತ್ತಾದರೂ ಜೋರಾಗಿ ಬರಲಿ” ಎನ್ನುತ್ತಿದ್ದಾಗ ಒಳಗಿನವರು “ಇವತ್ತಾದರೂ ಹೊಳವಾಗಲಿ” ಎನ್ನುತ್ತಿದ್ದರು. ಒಂದೇ ಸೂರಿನ ಕೆಳಗೆ ಎರಡು ಪ್ರಾರ್ಥನೆ. ದೇವರ ಕಷ್ಟ ದೇವರಿಗೇ ಗೊತ್ತು.

ಸೊಸೆಯ ಚಿಂತೆ ಇನ್ನೂ ದೊಡ್ಡದು. ಹೆರಿಗೆ ಅಕ್ಟೋಬರಿನಲ್ಲಿ ಎಂದು ಡಾಕ್ಟರು ಹೇಳಿದ್ದರಂತೆ. ಆದರೆ ನಡುವೆ ಏನಾದರೂ ಆದರೆ ಎನ್ನುವ ಭಯ. ದೊಡ್ಡ ಆಸ್ಪತ್ರೆ ಬೇಕೆಂದರೆ ಒಂದೋ ಘಾಟಿ ಇಳಿದು ಉಡುಪಿ, ಮಣಿಪಾಲದ ಕಡೆ ಹೋಗಬೇಕು, ಇಲ್ಲವೇ ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೆ ಹೋಗಬೇಕು. ಘಾಟಿಯಲ್ಲಿ ಮಣ್ಣು ಕುಸಿದರೆ, ಮರ ಬಿದ್ದರೆ ಒಂದು ದಾರಿ ಮುಚ್ಚಿದ ಹಾಗೆ. ಫೋನಿಗೆ ಸಿಗ್ನಲ್ ಬೇಕೆಂದರೆ ಮನೆಯಿಂದ ಹೊರಗೆ ಗುಡ್ಡದ ಒಂದು ತಿರುವಿಗೆ ಹೋಗಿ ನಿಲ್ಲಬೇಕು. ನಮಗೆ ಆ ತಿರುವು ಫೋಟೋ ತೆಗೆಯುವ ಜಾಗ. ಅವಳಿಗೆ ರಾತ್ರಿ ಹೊತ್ತು ಗಂಡ ಟಾರ್ಚು ಹಿಡಿದು ಓಡಬೇಕಾದ ಜಾಗ. “ನನಗೆ ಶ್ರಾವಣ ಮುಗಿಯುವವರೆಗೆ ಅಮ್ಮನ ಮನೆಗೆ ಕಳಿಸಿ ಅಂದಿದ್ದೇನೆ ಅಕ್ಕಾ” ಎಂದು ಮೆಲ್ಲಗೆ ಹೇಳಿದಳು. ಅತ್ತೆ ಒಲೆಯ ಮುಂದಿನಿಂದಲೇ, “ಕಳಿಸದೆ ಏನು, ಮುಂದಿನ ವಾರವೇ ಕರಕೊಂಡು ಹೋಗ್ತಾನೆ” ಎಂದರು.

ಇಷ್ಟೆಲ್ಲ ಕಂಡ ಮೇಲೆ ಒಂದು ಬಗೆಯ ತೀರ್ಪು ಸುಲಭ. ಅವರ ಕಷ್ಟವನ್ನು ನಾವು ದುಡ್ಡು ಕೊಟ್ಟು ನೋಡಿ ಆನಂದಿಸುತ್ತೇವೆ, ಇದು ತಪ್ಪು, ಹೋಗಬಾರದು. ನನ್ನ ಸ್ನೇಹಿತೆಯೊಬ್ಬಳು ಹೀಗೆಯೇ ವಾದಿಸುತ್ತಾಳೆ. ನಮ್ಮ ಅಡುಗೆಮನೆಗೆ ರಜೆ ಎಂದರೆ ಇನ್ನೊಬ್ಬಳ ಅಡುಗೆಮನೆಗೆ ಎರಡರಷ್ಟು ಕೆಲಸ, ಇದರಲ್ಲಿ ಯಾವ ವಿಶ್ರಾಂತಿ ಎಂದು ಅವಳ ಪ್ರಶ್ನೆ. ಮಾತು ನಿಜ. ನಾವು ಮೂರು ದಿನ ಕೈ ಒದ್ದೆ ಮಾಡಿಕೊಳ್ಳಲಿಲ್ಲ. ಕೆಸುವಿನ ಸೊಪ್ಪಿನ ಪತ್ರೊಡೆ, ಕಳಲೆ ಪಲ್ಯ, ಬಿಸಿ ಗಂಜಿ ಎಂದು ಬಡಿಸಿಕೊಂಡದ್ದರ ಹಿಂದೆ ಇನ್ನೊಬ್ಬ ಹೆಂಗಸಿನ ಬೆನ್ನುನೋವು ಇತ್ತು.

ಆದರೆ ಮನೆಯೊಡತಿ ಈ ತೀರ್ಪನ್ನು ಒಪ್ಪುವುದಿಲ್ಲ. ನಾನು ಕೇಳಿಯೇ ಕೇಳಿದೆ, ನಮ್ಮಂಥವರು ಬರುವುದು ನಿಮಗೆ ಕಷ್ಟವಲ್ಲವೇ ಎಂದು. ಅವರು ಗೋಡೆಯ ಗೂಡಿನಲ್ಲಿದ್ದ ಒಂದು ಡಬ್ಬಿ ತೋರಿಸಿದರು. “ಅಡಿಕೆ ದುಡ್ಡು ಬಂದರೆ ಮನೆಯ ಗಂಡಸರ ಕೈಗೆ. ಮೂವತ್ತು ವರ್ಷ ಹಾಗೇ ಆಯ್ತು. ನೆಂಟರ ದುಡ್ಡು ಮಾತ್ರ ಈ ಡಬ್ಬಿಗೆ, ಅದರ ಲೆಕ್ಕ ನನ್ನದು. ಸೊಸೆಯ ಹೆರಿಗೆಗೆ ಎಂದು ಇಟ್ಟದ್ದು ಇದರಲ್ಲೇ ಉಂಟು. ನೀವು ಪಾಪ ಅಂದುಕೊಂಡು ಬರುವುದು ನಿಲ್ಲಿಸಿದರೆ ನಮ್ಮ ಮಳೆ ಕಡಿಮೆ ಆಗ್ತದಾ?” ಈ ಮಾತಿಗೆ ನನ್ನ ಸ್ನೇಹಿತೆಯ ಬಳಿಯೂ ಉತ್ತರವಿಲ್ಲ. ಅಯ್ಯೋ ಪಾಪ ಎನ್ನುವುದೂ ದೂರದಿಂದ ಬೆಟ್ಟ ನೋಡಿದ ಹಾಗೆಯೇ. ಅಲ್ಲಿರುವವರ ಲೆಕ್ಕಾಚಾರ, ಜಾಣತನ, ಹಟ ಯಾವುದೂ ಅದರಲ್ಲಿ ಕಾಣುವುದಿಲ್ಲ.

ಹಾಗಾದರೆ ದುಡ್ಡು ಕೊಟ್ಟೆವು, ಮಳೆ ನೋಡಿದೆವು, ಲೆಕ್ಕ ಚುಕ್ತಾ ಎನ್ನಬಹುದೇ? ಅದೂ ನನಗೆ ಒಪ್ಪಿಗೆಯಾಗುವುದಿಲ್ಲ. ಕಾರಣ ಒಂದು ನೀರಿನ ದಾರಿ.

ಆಗುಂಬೆಯಲ್ಲಿ ಬಿದ್ದ ಮಳೆ ಎರಡು ಕಡೆಗೆ ಹರಿಯುತ್ತದೆ. ಅಂಚಿನ ಆಚೆ ಬಿದ್ದದ್ದು ಬರ್ಕಣದಂಥ ಜಲಪಾತಗಳಲ್ಲಿ ಧುಮುಕಿ ಸೀತಾನದಿಯಾಗಿ ಬೇಗನೆ ಅರಬ್ಬೀ ಸಮುದ್ರ ಸೇರುತ್ತದೆ. ಈಚೆ ಬಿದ್ದದ್ದು ಮಾಲತಿಯಾಗಿ ತುಂಗೆಗೆ ಸೇರಿ, ಗಾಜನೂರು ದಾಟಿ, ಕೂಡಲಿಯಲ್ಲಿ ಭದ್ರೆಯ ಜೊತೆ ಕೂಡಿ, ತುಂಗಭದ್ರೆಯಾಗಿ ಹರಿಹರಕ್ಕೆ ಬರುತ್ತದೆ. ಹರಿಹರದ ಬಳಿಯ ರಾಜನಹಳ್ಳಿಯಿಂದ ಅದನ್ನು ಪಂಪು ಮಾಡಿ ನಮ್ಮ ದಾವಣಗೆರೆಗೆ ಕೊಡುತ್ತಾರೆ. ಅಲ್ಲಿಂದ ಮುಂದೆ ಅದು ಕೃಷ್ಣೆಯನ್ನು ಸೇರಿ, ಇಡೀ ನಾಡನ್ನು ದಾಟಿ ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ಅಂದರೆ ಆ ಮನೆಯ ಸೂರಿನಿಂದ ಇಳಿದು, ಆ ಹೆಂಗಸಿನ ಉಪ್ಪನ್ನು ಕರಗಿಸಿ, ಅವಳ ಅಡಿಕೆಯನ್ನು ಕೊಳೆಸಿದ ಮಳೆಯ ಒಂದಂಶ ನಮ್ಮ ಮನೆಯ ನಲ್ಲಿಯಲ್ಲಿ ಬರುತ್ತಿದೆ. ನಾನು ಹುಟ್ಟುವ ಮೊದಲೇ ಆ ದಾರಿ ಇತ್ತು. ಆಗುಂಬೆಗೆ ನಾನು ಹೋಗಲಿ ಬಿಡಲಿ, ಆ ಋಣ ಇದ್ದೇ ಇತ್ತು.

ಕಾಡು ಇರುವುದರಿಂದಲೇ ಆ ನೀರು ಹೀಗೆ ಬರುತ್ತದೆ. ಬೋಳು ಗುಡ್ಡದ ಮೇಲೆ ಇಷ್ಟು ಮಳೆ ಬಿದ್ದರೆ ಮಣ್ಣನ್ನೂ ಎಳೆದುಕೊಂಡು ಒಂದೇ ಸಲ ಓಡಿಹೋಗುತ್ತದೆ. ಎಲೆ, ಬೇರು, ದರಗು ಸೇರಿ ಅದನ್ನು ತಡೆದು, ನೆಲಕ್ಕೆ ಇಂಗಿಸಿ, ಹಳ್ಳಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾವು ಪಟ್ಟಣದವರು ಹೆಮ್ಮೆಪಟ್ಟೆವು. 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ ಬಂದಾಗ ಮಲೆನಾಡಿನ ಹಳ್ಳಿಗಳಲ್ಲಿ ವಿರೋಧ ಎದ್ದಿತು. ನಮ್ಮಲ್ಲಿ ಅನೇಕರು ಅದನ್ನು ಬರೀ ಸ್ವಾರ್ಥ ಎಂದರು. ಕಾಡು ಉಳಿಯಬೇಕು ಎಂದು ನಾನೂ ನಂಬುತ್ತೇನೆ. ಆದರೆ ಕಾಡು ಉಳಿಯಲಿ ಎನ್ನುವುದು ಹೇಳಲು ನಮಗೆ ಪುಕ್ಕಟೆ. ರಸ್ತೆ ಅಗಲವಾಗದೆ, ಟವರು ಬಾರದೆ, ಹೊಸ ಗೋಡೆ ಕಟ್ಟಲು ಹತ್ತು ಕಡೆ ಅರ್ಜಿ ಹಾಕುತ್ತ ಅದರ ಬೆಲೆ ಕೊಡುವವಳು ಅಲ್ಲಿರುವವಳು. ಹೋಂ ಸ್ಟೇಗೆ ಬಂದ ನೆಂಟರು, ಹೆಂಚು ತೆಗೆದು ತಗಡು ಹಾಕಿಸಿದ್ದೀರಲ್ಲ, ಹಳೆಯ ಅಂದವೆಲ್ಲ ಹೋಯಿತು ಎಂದು ಮುಖ ಸಣ್ಣ ಮಾಡುತ್ತಾರಂತೆ. ಹಂಚಿಕೆಯಲ್ಲಿ ಅಂದ ನಮಗೆ, ಸೋರುವ ಮಾಡು ಅವರಿಗೆ.

ಆ ಕಾಡಿನಲ್ಲಿ ಕಾಳಿಂಗ ಸರ್ಪಗಳಿವೆ. ರೋಮುಲಸ್ ವಿಟೇಕರ್ 1971ರಲ್ಲಿ ಆಗುಂಬೆಯಲ್ಲಿ ಕಾಳಿಂಗವನ್ನು ಕಂಡು, ಮುಂದೆ 2005ರಲ್ಲಿ ಅಲ್ಲಿಯೇ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಹಾವುಗಳಲ್ಲಿ ಎಲೆ ಗುಡ್ಡೆ ಮಾಡಿ ಗೂಡು ಕಟ್ಟುವುದು ಇದೊಂದೇ. ಹೆಣ್ಣು ಕಾಳಿಂಗ ಬೇಸಿಗೆಯಲ್ಲಿ ದರಗನ್ನೆಲ್ಲ ಮೈಯಿಂದ ಎಳೆದು ಒತ್ತೊತ್ತಾಗಿ ಜೋಡಿಸಿ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ಆಮೇಲೆ ಮುಂಗಾರು ಹಿಡಿದು ಹೊರಗೆ ಸುರಿಯುತ್ತಿದ್ದರೂ ಒಳಗೆ ಮೊಟ್ಟೆ ಇರುವ ಜಾಗ ಒಣಗಿರುತ್ತದೆ. ಇದನ್ನು ಮನೆಯೊಡತಿಗೆ ಹೇಳಿದಾಗ ಅವರಿಗೆ ಖುಷಿಯೋ ಖುಷಿ. “ಹಾಗಾದರೆ ಅದೂ ನನ್ನ ಹಾಗೆಯೇ, ಒಣಗಿಸುವುದರಲ್ಲೇ ಅದರ ಮಳೆಗಾಲ ಕಳೀತದೆ” ಎಂದರು. ಬಚ್ಚಲ ಕಡೆ ಒಮ್ಮೆ ಕಾಳಿಂಗ ಬಂದಾಗ ಹೊಡೆಯದೆ, ಹಿಡಿಯುವವರನ್ನು ಕರೆಸಿ ಕಾಡಿಗೆ ಬಿಡಿಸಿದ್ದರಂತೆ. ಹಾವನ್ನು ಟಿವಿಯಲ್ಲಿ ನೋಡಿ ಕಾಡುಪ್ರಾಣಿಗಳನ್ನು ಉಳಿಸಿ ಎನ್ನುವ ನಮಗಿಂತ, ಹನ್ನೆರಡು ಅಡಿಯ ಹಾವನ್ನು ಬಚ್ಚಲಲ್ಲಿ ಕಂಡೂ ಕೋಲೆತ್ತದವರ ಧರ್ಮ ದೊಡ್ಡದು.

ಆದ್ದರಿಂದ ನನ್ನ ಮಟ್ಟಿಗೆ ಪ್ರಶ್ನೆಯೇ ಬದಲಾಗಿದೆ. ಮಳೆಯನ್ನು ನೋಡಿ ಸಂತೋಷಪಡುವುದರಲ್ಲಿ ತಪ್ಪಿಲ್ಲ. ಬರಗಾಲದ ಕಡೆಯಿಂದ ಬಂದ ಕಣ್ಣು ಮಳೆಗೆ ಅರಳದಿದ್ದರೆ ಅದು ಕಣ್ಣೇ ಅಲ್ಲ. ಸೊಬಗು ಸುಳ್ಳೂ ಅಲ್ಲ. ಅಲ್ಲಿರುವವರಿಗೂ ಅದು ಗೊತ್ತು, ಆರಿದ್ರಾ ಮಳೆ ಸರಿಯಾಗಿ ಹಿಡಿಯದಿದ್ದರೆ ಮೊದಲು ಕಳವಳಪಡುವವರು ಅವರೇ. ತಪ್ಪಾಗುವುದು ನಾವು ಕಂಡ ಅರ್ಧವನ್ನೇ ಪೂರ್ತಿ ಎಂದುಕೊಂಡಾಗ, ನಮ್ಮ ಮೂರು ದಿನದ ಮಳೆಯನ್ನು ಅವರ ನಾಲ್ಕು ತಿಂಗಳ ಮಳೆಗೆ ಸಮ ಎಂದು ಎಣಿಸಿದಾಗ, ನಮ್ಮ ಫೋಟೋಗಾಗಿ ಅವರ ಮನೆ, ರಸ್ತೆ, ಆಸ್ಪತ್ರೆ ಎಲ್ಲ ಇದ್ದಂತೆಯೇ ಇರಲಿ ಎಂದು ಬಯಸಿದಾಗ.

ನೆಂಟರಿಗೆ ಹಕ್ಕಿಗಿಂತ ಮರ್ಯಾದೆ ಮುಖ್ಯ ಎಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಅದನ್ನೇ ಇಲ್ಲಿಗೂ ಅನ್ವಯಿಸಬಹುದು. ನೀವೂ ಒಂದು ಮಳೆಗಾಲದಲ್ಲಿ ಮಲೆನಾಡಿಗೆ ಹೊರಟರೆ ಕೆಲವು ಸಣ್ಣ ವಿಷಯಗಳನ್ನು ನೆನಪಿಡಿ. ಸೌದೆ ಬೇಸಿಗೆಯಲ್ಲೇ ಎಣಿಸಿ ಇಟ್ಟದ್ದು, ಆದ್ದರಿಂದ ದಿನಕ್ಕೆರಡು ಬಾರಿ ಬಿಸಿನೀರು ಕೇಳಬೇಡಿ. ನಿಮ್ಮ ಒದ್ದೆ ಬಟ್ಟೆಯನ್ನು ಅವರ ಒಲೆಯ ಪಕ್ಕದ ಹಗ್ಗಕ್ಕೆ ಹಾಕುವ ಮುನ್ನ ಅಲ್ಲಿ ಯಾವ ಮಗುವಿನ ಅಂಗಿ ಇದೆ ನೋಡಿ. ತಂದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ, ಯಾಕೆಂದರೆ ಅಲ್ಲಿ ಬಿಸಾಡಿದ್ದು ಹಳ್ಳ ಹಿಡಿದು ನಮ್ಮ ಕಡೆಗೇ ಬರುತ್ತದೆ. ಹಣ ಕೊಡುವಾಗ ಯಾರ ಕೈಗೆ ಕೊಡಬೇಕೆಂದು ಅಡುಗೆ ಮಾಡಿದವರನ್ನೇ ಕೇಳಿ. ಊರಿಗೆ ಬಂದ ಮೇಲೆ ಮಲೆನಾಡಿಗೆ ರಸ್ತೆ ಬೇಕೇ, ಆಸ್ಪತ್ರೆ ಬೇಕೇ, ಕಾಡು ಕಾಯುವವರಿಗೆ ಪರಿಹಾರ ಬೇಕೇ ಎಂಬ ಮಾತು ಎದ್ದಾಗ, ನಮಗೇನು ಎಂದು ಸುಮ್ಮನಿರಬೇಡಿ. ನಲ್ಲಿ ತಿರುಗಿಸುವವರಿಗೆಲ್ಲ ಆ ಮಾತಿನಲ್ಲಿ ಪಾಲಿದೆ.

ಆ ಸೊಸೆಗೆ ಅಕ್ಟೋಬರಿನಲ್ಲಿ ಹೆಣ್ಣು ಮಗುವಾಯಿತೆಂದು ಮನೆಯೊಡತಿ ಫೋನಿನಲ್ಲಿ ತಿಳಿಸಿದರು. ತಾಯಿಯ ಮನೆಯಲ್ಲಿ, ಆಸ್ಪತ್ರೆ ಹತ್ತಿರವಿದ್ದ ಊರಿನಲ್ಲಿ. ಆ ವರ್ಷ ಅಡಿಕೆ ಹೇಗಿದೆ ಎಂದು ಕೇಳಿದೆ. “ಅರ್ಧ ಹೋಯ್ತು, ಅರ್ಧ ಉಳಿದಿದೆ. ಬನ್ನಿ, ಮಗುವನ್ನು ನೋಡಿಕೊಂಡು ಹೋಗುವಿರಂತೆ. ಬೇಸಿಗೆಯಲ್ಲಿ ಬನ್ನಿ, ಹಪ್ಪಳ ಮಾಡಲು ಒಂದು ಕೈ ಕಡಿಮೆ ಬೀಳ್ತದೆ” ಎಂದರು. ಇಂಥ ಕರೆ ದುಡ್ಡು ಕೊಟ್ಟರೆ ಸಿಗುವುದಿಲ್ಲ. ನೆಂಟರ ಮಳೆಗೂ ಮನೆಯವರ ಮಳೆಗೂ ನಡುವಿನ ದಾರಿ ಹಪ್ಪಳದ ಹಲಗೆಯ ಹತ್ತಿರದಿಂದಲೇ ಹೋಗುತ್ತದೆಯೇನೋ ಎಂದು ನನಗೆ ಅನ್ನಿಸುತ್ತದೆ.